ಟೈಪಕ್ಕನ ಎಪ್ಪತ್ತೊಂದು ಗೆಡ್ಡೆಗಳು

ಆಸ್ಪತ್ರೆಯ ಮೂರನೇ ಮಹಡಿಯಲ್ಲಿದ್ದ ನಮ್ಮ ಕೋಣೆಗೆ ಎರಡು ಬಾಗಿಲು. ಎಡಗಡೆಯದು ಸ್ಕ್ಯಾನಿಂಗ್ ವಿಭಾಗಕ್ಕೆ, ಬಲಗಡೆಯದು ಪ್ರಯೋಗಾಲಯಕ್ಕೆ. ಎರಡರಿಂದಲೂ ಗಾಳಿ ಬರುತ್ತಿರಲಿಲ್ಲ, ಕೆಲಸ ಮಾತ್ರ ಬರುತ್ತಿತ್ತು. ನಡುವೆ ಎರಡು ಮೇಜು. ಒಂದು ನನ್ನದು. ಹಳೆಯ ಕಡತ ಹುಡುಕಿ ಕೊಡುವ ಗುಮಾಸ್ತ ನಾನು. ಇನ್ನೊಂದರಲ್ಲಿ ಕೂರುತ್ತಿದ್ದವಳು ಟೈಪಿಸ್ಟ್, ಇಡೀ ಆಸ್ಪತ್ರೆಗೇ ಟೈಪಕ್ಕ. ನನಗೆ ಫೈಲಪ್ಪ ಎಂದು ಹೆಸರಿಟ್ಟವಳೂ ಅವಳೇ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಟೈಪಕ್ಕ ಓದಿದ್ದು ಹತ್ತನೇ ತರಗತಿ. ಮೇಲೆ ಟೈಪಿಂಗ್ ಪರೀಕ್ಷೆ. ಮೊದಲು ಒಬ್ಬ ವಕೀಲರ ಕಚೇರಿಯಲ್ಲಿದ್ದಳು. ಅದನ್ನು ಯಾಕೆ ಬಿಟ್ಟೆ ಎಂದು ಕೇಳಿದರೆ, "ಅಲ್ಲಿ ಒಂದು ಸುಳ್ಳನ್ನ ನಾಲ್ಕು ಪ್ರತಿ ಹೊಡೀಬೇಕಿತ್ತು. ಇಲ್ಲಿ ಎರಡೇ," ಎನ್ನುತ್ತಿದ್ದಳು. ಡಾಕ್ಟರುಗಳು ಪುಟ್ಟ ಟೇಪ್ ರೆಕಾರ್ಡರಿಗೆ ವರದಿ ಹೇಳಿ ಕ್ಯಾಸೆಟ್ ಕಳಿಸುವರು. ಅವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಾಲಡಿಯ ಪೆಡಲ್ ಒತ್ತಿ ಟೇಪನ್ನು ಹಿಂದೆ ಮುಂದೆ ಓಡಿಸುತ್ತ ಟೈಪ್ ಮಾಡುವಳು. ಯಾವ ಡಾಕ್ಟರು ಬೆಳಿಗ್ಗೆ ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ, ಯಾರ ಬಾಯಲ್ಲಿ ಬಿಸ್ಕತ್ತಿದೆ ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು.

ಅವಳ ಬೆರಳಡಿ ಹೆಚ್ಚು ಹಾದುಹೋಗುತ್ತಿದ್ದುದು ಇಬ್ಬರ ಮಾತು. ಎಡಬಾಗಿಲಿನವರು ಎಂಆರ್‌ಐ ಫಿಲ್ಮ್ ಓದುವ ಡಾಕ್ಟರು. ಅವರ ವಾಕ್ಯಗಳೆಲ್ಲ ಅಡ್ಡಗೋಡೆಯ ಮೇಲಿನ ದೀಪ. "ಗೆಡ್ಡೆ ಇರಬಹುದು. ಊತವೂ ಆಗಿರಬಹುದು. ಇನ್ನೊಮ್ಮೆ ನೋಡಬಹುದು." ಟೈಪಕ್ಕ ಅವರನ್ನು ಬಹುದು ಡಾಕ್ಟರು ಎಂದಳು, ಹೆಸರು ನಿಂತಿತು. ಬಲಬಾಗಿಲಿನವರು ಆಪರೇಷನ್ನಿನಲ್ಲಿ ತೆಗೆದ ಚೂರನ್ನು ಪೊರೆಯಂತೆ ತೆಳ್ಳಗೆ ಕೊಯ್ಯಿಸಿ, ಗಾಜಿನ ಪಟ್ಟಿಯ ಮೇಲೆ ಬಣ್ಣ ಹಾಕಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಡಾಕ್ಟರಮ್ಮ. ಅವರದು ಕಡ್ಡಿ ತುಂಡು ಮಾಡಿದ ಹಾಗೆ ಮಾತು. ಅವರು ಖಂಡಿತ ಡಾಕ್ಟರಮ್ಮ.

ಇಬ್ಬರದೂ ಎಣ್ಣೆ ಸೀಗೆಕಾಯಿ. ಬಹಳ ಹಿಂದೆ ಒಂದು ಮೀಟಿಂಗಿನಲ್ಲಿ ಬಹುದು ಡಾಕ್ಟರು, "ನಾವು ಇಡೀ ಮಿದುಳು ನೋಡ್ತೀವಿ. ನಿಮಗೆ ಸಿಗೋದು ಸಾಸಿವೆ ಕಾಳಿನಷ್ಟು ಚೂರು," ಎಂದಿದ್ದರಂತೆ. ಡಾಕ್ಟರಮ್ಮ, "ನೀವು ನೋಡೋದು ನೆರಳು ಸಾರ್. ನೆರಳಿನ ನಾಡಿ ಹಿಡಿದು ಜ್ವರ ಇದ್ಯಾ ಅಂತ ಹೇಳ್ತೀರಾ?" ಎಂದರಂತೆ. ಅಂದಿನಿಂದ ಮಾತಿಲ್ಲ. ಲಿಫ್ಟಿನಲ್ಲಿ ಒಬ್ಬರಿದ್ದರೆ ಇನ್ನೊಬ್ಬರು ಮೆಟ್ಟಿಲು ಹತ್ತುವರು. ಹೀಗಾಗಿ ಒಬ್ಬ ರೋಗಿಯ ಬಗ್ಗೆ ಫಿಲ್ಮ್ ಏನು ಹೇಳಿತು, ಗಾಜು ಏನು ಹೇಳಿತು ಎಂಬುದು ಎರಡೂ ಒಟ್ಟಿಗೆ ಗೊತ್ತಿದ್ದುದು ಆಪರೇಷನ್ ಡಾಕ್ಟರಿಗೆ ಮತ್ತು ಟೈಪಕ್ಕನಿಗೆ. ಆಪರೇಷನ್ ಡಾಕ್ಟರಿಗೆ ಮರೆಯುವಷ್ಟು ಕೆಲಸವಿತ್ತು.

ಬಾಜಿ ಶುರುವಾದದ್ದು ಒಂದು ಬೇಸರದ ಮಧ್ಯಾಹ್ನ. ಮಿದುಳಿನ ಗೆಡ್ಡೆಗಳಲ್ಲಿ ನಿಧಾನವಾಗಿ ಬೆಳೆಯುವ ಜಾತಿಯೊಂದಿದೆ. ಡಾಕ್ಟರುಗಳು ಲೋ ಗ್ರೇಡ್ ಎನ್ನುತ್ತಾರೆ, ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತದೆ. ಟೈಪಕ್ಕ ಅದಕ್ಕೆ ಆಮೆ ಎಂದಳು. ಬೇಗ ಬೆಳೆದು ಪ್ರಾಣ ತಿನ್ನುವುದಕ್ಕೆ ಕುದುರೆ. ಸ್ಕ್ಯಾನ್ ಮಾಡುವಾಗ ರಕ್ತನಾಳಕ್ಕೆ ಒಂದು ಔಷಧ ಕೊಡುತ್ತಾರೆ. ಗೆಡ್ಡೆ ಅದನ್ನು ಹೀರಿ ಫಿಲ್ಮಿನಲ್ಲಿ ಬೆಳ್ಳಗೆ ಹೊಳೆದರೆ ಸಾಮಾನ್ಯವಾಗಿ ಕುದುರೆ, ಹೊಳೆಯದಿದ್ದರೆ ಆಮೆ. ಇದು ಬಹುದು ಡಾಕ್ಟರ ಲೆಕ್ಕ. ಆದರೆ ಹದಿನೈದು ದಿನದ ಮೇಲೆ ಬಲಬಾಗಿಲಿನಿಂದ ಬರುವ ಕ್ಯಾಸೆಟ್ ಒಮ್ಮೊಮ್ಮೆ ಬೇರೆಯೇ ಹಾಡು ಹಾಡುತ್ತಿತ್ತು.

"ಫೈಲಪ್ಪಾ, ಫಿಲ್ಮಿನವರು ಆಮೆ ಅಂದಿದಾರೆ. ಗಾಜಿನವರು ಏನಂತಾರೆ, ಹೇಳು ನೋಡೋಣ."

"ಆಮೆನೇ ಅಂತಾರೆ."

"ಅಲ್ಲ ಅಂದ್ರೆ ಟೀ ನಿಂದು. ಹೌದು ಅಂದ್ರೆ ನಂದು."

ಅಷ್ಟೇ. ಇಬ್ಬರ ಮಾತು ಹೊಂದಿದರೆ ಅವಳು ಟೀ ಮಾಡಬೇಕು, ಹೊಂದದಿದ್ದರೆ ನಾನು. ಕಿಟಕಿಕಟ್ಟೆಯ ಮೇಲೆ ಕರೆಂಟಿನ ಕೆಟಲ್ ಇತ್ತು. ಮೋಸವಾಗದಿರಲೆಂದು ಅವಳೊಂದು ಉದ್ದನೆಯ ನೋಟ್‌ಬುಕ್ ಇಟ್ಟಳು. ರೋಗಿಯ ಹೆಸರಿಲ್ಲ, ನಂಬರು ಮಾತ್ರ. ಫಿಲ್ಮ್ ಹೇಳಿದ್ದು, ಗಾಜು ಹೇಳಿದ್ದು, ಟೀ ಯಾರದ್ದು. ಆಮೇಲೆ ಇನ್ನೊಂದು ಗೆರೆ ಎಳೆದಳು. ಕೆಲವರು ವರ್ಷ ಒಪ್ಪತ್ತಿನಲ್ಲಿ ಎರಡನೇ ಆಪರೇಷನ್ನಿಗೆ ಬರುತ್ತಿದ್ದರು. ಆಗ ಗಾಜಿನ ಮೊದಲ ಮಾತೇ ಸುಳ್ಳಾದದ್ದೂ ಉಂಟು. ಸತ್ತವರ ಕಡತ ನನ್ನ ಕಪಾಟಿಗೆ ಬರುತ್ತಿತ್ತು, ಅದನ್ನೂ ಕೇಳಿ ಗುರುತು ಹಾಕುತ್ತಿದ್ದಳು. ಒಂಬತ್ತು ವರ್ಷ ನಡೆಯಿತು ಈ ಆಟ. ಕೆಟ್ಟದ್ದು ಎಂದು ನಮಗಿಬ್ಬರಿಗೂ ಅನ್ನಿಸಿರಲಿಲ್ಲ. ಸಾವು ದಿನಾ ಟೈಪಾಗಿ ಬರುವ ಕೋಣೆಯಲ್ಲಿ ಮನುಷ್ಯನ ಚರ್ಮ ಸ್ವಲ್ಪ ದಪ್ಪವಾಗುತ್ತದೆ.

ಅವಳನ್ನು ನಾನು ಅಕ್ಕ ಎಂದ ಮೇಲೆ ಅವಳ ಗಂಡ ನನಗೆ ಭಾವ. ಭಾವ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದರು. ಇಪ್ಪತ್ತಾರು ವರ್ಷ ಎಡಗಡೆ ಸೀಟಿನಲ್ಲಿ ಕೂತು, ಕಾಲಡಿಯ ಎರಡನೇ ಬ್ರೇಕಿನ ಮೇಲೆ ಪ್ರಾಣ ಇಟ್ಟುಕೊಂಡು ಬದುಕಿದ ಮನುಷ್ಯ. ಬೈಗುಳದ ಭಂಡಾರ. "ನಮ್ಮನೆಯವರು ಮನೇಲಿ ಮಾತೇ ಆಡಲ್ಲ ಫೈಲಪ್ಪ, ಎಲ್ಲ ರಸ್ತೇಲೇ ಖರ್ಚಾಗಿರುತ್ತೆ," ಎಂದು ಟೈಪಕ್ಕ ಹೇಳುತ್ತಿದ್ದಳು. ಮಕ್ಕಳಿರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆ, ಸಂಜೆಗೊಂದು ರೇಡಿಯೋ, ಯಾರು ಬಾಗಿಲ ಚಿಲಕ ಹಾಕಬೇಕೆಂಬ ದಿನದ ಜಗಳ.

ಆ ದಿನ ಭಾವನ ಪಕ್ಕ ಸ್ಟೀರಿಂಗ್ ಹಿಡಿದಿದ್ದವರು ಒಬ್ಬ ಶಾಲಾ ಟೀಚರು. ಅವರದು ಮೂವತ್ತನೇ ಪಾಠ. ತಿರುವಿನಲ್ಲಿ ಎದುರಿಗೆ ತರಕಾರಿ ಗಾಡಿ. ಭಾವ "ಬ್ರೇಕ್! ಮೇಡಂ, ಬ್ರೇ..." ಎಂದವರು ಅಲ್ಲೇ ನಿಂತುಬಿಟ್ಟರು. ಬಲಗೈ ಸೆಟೆದು ಡ್ಯಾಷ್‌ಬೋರ್ಡನ್ನು ಪಟಪಟ ಬಡಿಯತೊಡಗಿತು. ಇವತ್ತು ಸಿಟ್ಟು ಜಾಸ್ತಿಯಾಗಿದೆ ಎಂದುಕೊಂಡ ಟೀಚರು ಹೆದರಿ, ಕ್ಲಚ್ಚು ಒತ್ತಿ, ಬ್ರೇಕು ಹಾಕಿ, ಹ್ಯಾಂಡ್‌ಬ್ರೇಕನ್ನೂ ಎಳೆದು, ರಸ್ತೆ ಬದಿಗೆ ಅಚ್ಚುಕಟ್ಟಾಗಿ ಕಾರು ನಿಲ್ಲಿಸಿದರು. ಆಮೇಲೆ ತಿರುಗಿ ನೋಡಿ ಕಿರುಚಿದರು.

"ಮೂವತ್ತು ಪಾಠದಲ್ಲಿ ಅವರು ಸರಿಯಾಗಿ ಕಾರು ನಿಲ್ಲಿಸಿದ್ದು ಅದೊಂದೇ ಸಲ ಕಣೋ," ಎಂದು ಭಾವ ಮಾರನೇ ದಿನ ವಾರ್ಡಿನ ಮಂಚದ ಮೇಲೆ ನನಗೆ ಹೇಳಿದರು. "ಅದನ್ನ ನೋಡೋ ಭಾಗ್ಯ ನನಗಿರಲಿಲ್ಲ."

ಸ್ಕ್ಯಾನ್ ಆಯಿತು. ವಾರ್ಡಿನಲ್ಲಿ ಏನು ಹೇಳುತ್ತಾರೋ ಎಂದು ಕಾಯುವ ಮೊದಲೇ ಕ್ಯಾಸೆಟ್ ನಮ್ಮ ಕೋಣೆಗೆ ಬಂತು. ಬಹುದು ಡಾಕ್ಟರಿಗೆ ಅದು ಯಾರದೆಂದು ಗೊತ್ತಿರಲಿಲ್ಲ, ಅವರಿಗೆ ನಂಬರು ಮಾತ್ರ. ಟೈಪಕ್ಕ ಪೆಡಲ್ ಒತ್ತಿದಳು. ನಾನು ಅವಳ ಬೆರಳನ್ನೇ ನೋಡುತ್ತ ನಿಂತೆ. ಐವತ್ತೊಂದು ವರ್ಷದ ಪುರುಷ. ಕಾರಿನಲ್ಲಿದ್ದಾಗ ಫಿಟ್ಸ್. ಮಿದುಳಿನ ಎಡ ಮುಂಭಾಗದಲ್ಲಿ ನಿಂಬೆಹಣ್ಣಿನಷ್ಟು ಗೆಡ್ಡೆ. ಔಷಧ ಹೀರಿಲ್ಲ. ಹಿಂದಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಜಾಗದಲ್ಲಿ ಮಾತ್ರ ಸ್ವಲ್ಪ ಹೀರಿರಬಹುದು. ಲೋ ಗ್ರೇಡ್ ಇರಬಹುದು.

ಒಂದು ತಪ್ಪಿಲ್ಲದೆ ಟೈಪ್ ಮಾಡಿ, ಹಾಳೆ ಎಳೆದು, ಮೇಜಿನ ಮೇಲೆ ಮಗುಚಿಟ್ಟಳು. ನಾನು ಹೋಗಿ ಕೆಟಲಿಗೆ ನೀರು ಹಾಕಿದೆ.

"ಬಾಜಿ ಕಟ್ಟಲ್ವಾ ಫೈಲಪ್ಪಾ?" ಎಂದಳು.

"ಬೇಡಕ್ಕ."

"ಕಟ್ಟೋದಾದ್ರೂ ಹೇಗೆ? ಯಾವ ಕಡೆಗೆ ಕಟ್ಟಲಿ?" ಎಂದವಳು ನೋಟ್‌ಬುಕ್ ತೆಗೆದು, ಸಂಜೆಯವರೆಗೆ ಎಣಿಸಿದಳು. ಎಪ್ಪತ್ತೊಂದು ಗೆಡ್ಡೆ. ಐವತ್ತೆರಡರಲ್ಲಿ ಫಿಲ್ಮೂ ಗಾಜೂ ಹೊಂದಿದ್ದವು. ಹನ್ನೊಂದರಲ್ಲಿ ಹೊಳೆಯದ ಗೆಡ್ಡೆಯನ್ನು ಫಿಲ್ಮ್ ಆಮೆ ಎಂದಿತ್ತು, ಗಾಜಿನಲ್ಲಿ ಕುದುರೆ ಸಿಕ್ಕಿತ್ತು. ಐದರಲ್ಲಿ ಥಳಥಳ ಹೊಳೆದದ್ದೂ ಬರೀ ಆಮೆ. ಉಳಿದ ಮೂರರ ಮೇಲೆ ಅವಳ ಬೆರಳು ನಿಂತಿತು. ಆ ಮೂರರಲ್ಲಿ ಗಾಜು ಆಮೆ ಎಂದಿತ್ತು. ಫಿಲ್ಮಿನವರು ಮಾತ್ರ ಗೆಡ್ಡೆಯ ಯಾವುದೋ ಮೂಲೆಯಲ್ಲಿ 'ಸ್ವಲ್ಪ ಹೀರಿರಬಹುದು' ಎಂದು ಗೊಣಗಿದ್ದರು. ಯಾರೂ ಕಿವಿಗೊಟ್ಟಿರಲಿಲ್ಲ. ಚೂರನ್ನು ತೆಗೆದದ್ದು ಸುಲಭವಾಗಿ ಸಿಕ್ಕ ಜಾಗದಿಂದ. ವರ್ಷದೊಳಗೆ ಮೂವರೂ ಎರಡನೇ ಆಪರೇಷನ್ನಿಗೆ ಬಂದರು, ಆಗ ಗಾಜಿನಲ್ಲಿ ಕುದುರೆ ಸಿಕ್ಕಿತು. ಮೂವರ ಕಡತವೂ ಈಗ ನನ್ನ ಕಪಾಟಿನಲ್ಲಿತ್ತು.

"ಕುದುರೆ ಮೂಲೆಯಲ್ಲಿ ಕಟ್ಟಿದ್ರೆ, ಇವರು ಅಂಗಳದಲ್ಲಿ ನೋಡಿ ಇಲ್ಲ ಅಂದಿದಾರೆ," ಎಂದಳು ಟೈಪಕ್ಕ. ಅವಳು ಅತ್ತದ್ದನ್ನು ನಾನು ನೋಡಿದ್ದು ಆಗ. ಅದೂ ಹೆಚ್ಚು ಹೊತ್ತಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಎರಡು ಚೀಟಿ ಟೈಪ್ ಮಾಡಿದಳು. ಎರಡರಲ್ಲೂ ಒಂದೇ ಒಕ್ಕಣೆ: 'ನಿಮ್ಮ ವರದಿಯ ಒಂದು ವಾಕ್ಯ ಅರ್ಥವಾಗುತ್ತಿಲ್ಲ. ನಾಳೆ ಹನ್ನೊಂದಕ್ಕೆ ದಯವಿಟ್ಟು ಬಂದು ಹೇಳಬೇಕು.'

ಹನ್ನೊಂದಕ್ಕೆ ಎಡಬಾಗಿಲಿನಿಂದ ಅವರು, ಬಲಬಾಗಿಲಿನಿಂದ ಇವರು. ಒಬ್ಬರನ್ನೊಬ್ಬರು ನೋಡಿ ಇಬ್ಬರ ಮುಖವೂ ಹರಳೆಣ್ಣೆ ಕುಡಿದ ಹಾಗಾಯಿತು. ಇಬ್ಬರೂ ತಿರುಗಿ ಹೊರಟರು.

"ಡಾಕ್ಟ್ರೇ, ಕೂತ್ಕೊಳ್ಳಿ. ಮೇಡಂ, ನೀವೂನೂ. ಫೈಲಪ್ಪ ಎದ್ದು ಕುರ್ಚಿ ಕೊಡ್ತಾನೆ," ಎಂದಳು ಟೈಪಕ್ಕ. ಅವಳ ಕೈ ಮಡಿಲಲ್ಲಿತ್ತು. ಮೇಜಿನ ಮೇಲೆ ಟೈಪಾಗದ ಕ್ಯಾಸೆಟ್ಟುಗಳು ಇಟ್ಟಿಗೆಯಂತೆ ಪೇರಿಕೊಂಡಿದ್ದವು. "ನೀವಿಬ್ರೂ ಒಂದೇ ಮೇಜಲ್ಲಿ ಕೂತು ಒಂದು ಫಿಲ್ಮ್ ನೋಡೋವರೆಗೂ ಇವತ್ತು ನನ್ನ ಬೆರಳು ಅಲ್ಲಾಡಲ್ಲ."

"ಇದೇನು ಮುಷ್ಕರವಾ?" ಎಂದರು ಡಾಕ್ಟರಮ್ಮ.

"ಏನು ಬೇಕಾದ್ರೂ ಅನ್ನಿ. ಫಿಲ್ಮು ನಮ್ಮನೆಯವರದ್ದು."

ಇಬ್ಬರೂ ಕೂತರು. ಬಹುದು ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ನಿನ್ನೆ ಬಿಸ್ಕತ್ತು ತಿನ್ನುತ್ತ ಹೇಳಿದ ವರದಿ ಅದೆಂದು ನೆನಪಾಗಿರಬೇಕು. ಟೈಪಕ್ಕ ಅವರ ಮುಂದೆ ನೋಟ್‌ಬುಕ್ ಬಿಚ್ಚಿಟ್ಟಳು. ಅದರ ಪ್ರತಿ ಪುಟದಲ್ಲೂ ಇನ್ನೇನಿದೆ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಬಿಚ್ಚಿದಳು.

ಐದು ನಿಮಿಷ ಪುಟ ತಿರುಗುವ ಸದ್ದು. ಆಮೇಲೆ ಡಾಕ್ಟರಮ್ಮ, "ಇದೇನಿದು ಎಲ್ಲ ಕಡೆ 'ಟೀ: ಫೈಲಪ್ಪ', 'ಟೀ: ನಾನು'?" ಎಂದರು.

"ಅದನ್ನ ಆಮೇಲೆ ಹೇಳ್ತೀನಿ ಮೇಡಂ. ಮೊದಲು ಈ ಮೂರು ನೋಡಿ."

ನೋಡಿದರು. ಅವರ ಮುಖ ಬಿಳಿಚಿತು. "ನನಗೆ ಬಂದ ಚೂರಿನಲ್ಲಿ ಇದ್ದದ್ದನ್ನೇ ನಾನು ಹೇಳಿದ್ದು," ಎಂದರು, ಯಾರೂ ಬಯ್ಯದಿದ್ದರೂ.

"ಖಂಡಿತ," ಎಂದರು ಬಹುದು ಡಾಕ್ಟರು. ಆ ಶಬ್ದ ಅವರ ಬಾಯಿಂದ ಬಿದ್ದದ್ದಕ್ಕೆ ಅವರೇ ಬೆಚ್ಚಿ ಕೆಮ್ಮಿದರು. "ಮತ್ತೆ ಈ ಹನ್ನೊಂದು... ಇವನ್ನೆಲ್ಲ ನಾನು ಆಮೆ... ಅಲ್ಲ, ಲೋ ಗ್ರೇಡ್ ಅಂದಿದ್ನಾ? ನನಗೆ ಯಾರೂ ತಿರುಗಿ ಹೇಳಲೇ ಇಲ್ಲವಲ್ಲ."

"ಹೇಳೋಕೆ ನೀವು ಲಿಫ್ಟಲ್ಲಿ ಬರಬೇಕಲ್ಲ ಸಾರ್," ಎಂದಳು ಟೈಪಕ್ಕ.

ಆಮೇಲೆ ಇಬ್ಬರೂ ಭಾವನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಲೆಗೆ ತಲೆ ತಾಗುವಷ್ಟು ಬಗ್ಗಿದರು. ಅಕ್ಕಿಕಾಳಿನ ಜಾಗಕ್ಕೆ ಬಹುದು ಡಾಕ್ಟರು ಪೆನ್ಸಿಲ್ ಇಟ್ಟು ತೋರಿಸಿದರು. ಅರ್ಧ ಗಂಟೆ ವಾದವಾಯಿತು, ದನಿ ಏರಿತು, ಒಮ್ಮೆ "ನೆರಳು" ಎಂಬ ಮಾತೂ ಬಂತು. ಕೊನೆಗೆ ಡಾಕ್ಟರಮ್ಮನೇ ಫೋನೆತ್ತಿ ಆಪರೇಷನ್ ಡಾಕ್ಟರಿಗೆ ಹೇಳಿದರು: "ಎರಡು ಚೂರು ಬೇಕು. ನಡುವಿನದೊಂದು, ಹಿಂದಿನ ಅಂಚಿನದೊಂದು. ಬೇರೆ ಬೇರೆ ಡಬ್ಬಿ, ಬೇರೆ ಬೇರೆ ಚೀಟಿ. ಬೆರೆಸಿದ್ರೆ ನಾನು ನೋಡಲ್ಲ."

ಆಪರೇಷನ್ ಮುಂದಿನ ವಾರ ಆಯಿತು. ಗೆಡ್ಡೆ ಮಾತಿನ ಜಾಗಕ್ಕೆ ಅಂಟಿಕೊಂಡಿದ್ದರಿಂದ ಪೂರ್ತಿ ತೆಗೆಯಲಾಗಲಿಲ್ಲ, ಹಿಂಬದಿಯ ಅಂಚು ಸ್ವಲ್ಪ ಉಳಿಯಿತು. ಭಾವ ಕಣ್ಣು ಬಿಟ್ಟಾಗ ತಲೆಗೆ ಬಿಳಿ ರುಮಾಲು ಸುತ್ತಿದ ಪೈಲ್ವಾನನ ಹಾಗಿದ್ದರು. ಬಾಯಿ ಮಾತ್ರ ಅದಲುಬದಲಾಗಿತ್ತು. ನೀರು ಬೇಕಾದರೆ "ಹಾರ್ನ್ ಕೊಡು" ಎಂದರು. ದಿಂಬಿಗೆ "ಗೇರ್". ನರ್ಸಮ್ಮನನ್ನು ನೋಡಿ ಬಹಳ ಮರ್ಯಾದೆಯಿಂದ "ರಿವರ್ಸ್ ಬನ್ನಿ" ಎಂದರು. ಊತ ಇಳಿದ ಹಾಗೆ ಸರಿಹೋಗುತ್ತದೆ ಎಂದು ಡಾಕ್ಟರು ಧೈರ್ಯ ಹೇಳಿದರು.

ಟೈಪಕ್ಕ ರಜೆ ಹಾಕಿ ಮಂಚದ ಪಕ್ಕ ಕೂತಳು. ಭಾವ ಅವಳನ್ನು ತುಂಬ ಹೊತ್ತು ನೋಡಿ, ಹುಡುಕಿ ಹುಡುಕಿ, ಕೊನೆಗೆ "ಲೈಸೆನ್ಸ್" ಎಂದರು.

"ಮದುವೆಯಾಗಿ ಇಪ್ಪತ್ತೆಂಟು ವರ್ಷ ಆದ್ಮೇಲಾದ್ರೂ ಸಿಕ್ತಲ್ಲ," ಎಂದಳು ಅವಳು. ಅವರು ನಕ್ಕರು. ನಗು ಅದಲುಬದಲಾಗಿರಲಿಲ್ಲ. ತಪ್ಪು ಮಾತು ಬಂದಾಗಲೆಲ್ಲ ಅವಳ ಬಲಗಾಲು ನೆಲವನ್ನು ಒತ್ತುವುದನ್ನು ನಾನು ಕಂಡೆ. ಪೆಡಲ್ ಒತ್ತಿ ಟೇಪನ್ನು ಹಿಂದಕ್ಕೆ ಓಡಿಸುವ ಅಭ್ಯಾಸ. "ಇನ್ನೊಂದ್ಸಲ ಹೇಳಿ," ಎನ್ನುವಳು. ಹತ್ತು ಸಲ ಹೇಳಿಸುವಳು. ಮೂರನೇ ವಾರ ಭಾವ ತಾವಾಗಿಯೇ "ನೀರು" ಎಂದಾಗ ಲೋಟ ಕೊಡುವುದನ್ನೇ ಮರೆತು ಕೂತಿದ್ದಳು.

ಗಾಜಿನ ಫಲಿತಾಂಶ ಕ್ಯಾಸೆಟ್ಟಿನಲ್ಲಿ ಬರಲಿಲ್ಲ. ಅಷ್ಟರಲ್ಲಿ ಕೆಲಸಕ್ಕೆ ಮರಳಿದ್ದ ಟೈಪಕ್ಕನ ಮೇಜಿಗೆ ಡಾಕ್ಟರಮ್ಮನೇ ನಡೆದು ಬಂದರು.

"ಎರಡೂ ಚೂರು ನೋಡ್ದೆ. ನಡುವಿನದು ಲೋ ಗ್ರೇಡ್. ಅಂಚಿನದೂ ಲೋ ಗ್ರೇಡ್. ಆ ಅಕ್ಕಿಕಾಳು ಇತ್ತಲ್ಲ, ಅದು ದಪ್ಪಗಾಗಿದ್ದ ರಕ್ತನಾಳ. ಬೇರೇನಿಲ್ಲ."

"ಖಂಡಿತನಾ ಮೇಡಂ?"

ಡಾಕ್ಟರಮ್ಮ ನನ್ನ ಕುರ್ಚಿ ಎಳೆದು ಕೂತರು. "ನಾನು ನೋಡಿದ ಚೂರಿನ ಮಟ್ಟಿಗೆ ಖಂಡಿತ. ನೋಡದೇ ಇರೋದರ ಬಗ್ಗೆ ನಾನು ಇನ್ಮೇಲೆ ಹೇಳಲ್ಲ. ವರ್ಷಕ್ಕೊಂದ್ಸಲ ಫಿಲ್ಮ್ ತೆಗೆಸ್ತಾ ಇರಿ."

ಅಂದರೆ ಅಷ್ಟು ರಂಪ ಮಾಡಿ ಹಿಡಿದದ್ದು ಕುದುರೆಯಲ್ಲ, ಕುದುರೆಯ ಲದ್ದಿಯೂ ಅಲ್ಲ. ನಾನು ಹಾಗೆಂದಾಗ ಟೈಪಕ್ಕ ಬಿದ್ದು ಬಿದ್ದು ನಕ್ಕಳು.

ನಗು ನಿಂತದ್ದು ಸೂಪರಿಂಟೆಂಡೆಂಟರ ಪತ್ರ ಬಂದಾಗ. ನೋಟ್‌ಬುಕ್ಕಿನ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ನಮ್ಮಿಬ್ಬರ ಮೇಲೂ ಆರೋಪಪಟ್ಟಿ. ಆಸ್ಪತ್ರೆಗಿದ್ದವಳು ಒಬ್ಬಳೇ ಟೈಪಿಸ್ಟ್, ಹಾಗಾಗಿ ಅದರ ಕ್ಯಾಸೆಟ್ಟೂ ಅವಳ ಮೇಜಿಗೇ ಬಂತು. 'ಸದರಿ ನೌಕರರು ರೋಗಿಗಳ ಮಿದುಳಿನ ಮೇಲೆ ಜೂಜಾಡಿರುವುದು' ಎಂಬಲ್ಲಿಗೆ ಪೆಡಲ್ ಒತ್ತಿ ನಿಲ್ಲಿಸಿ, "ಮಿದುಳಿನ ಮೇಲೆ ಅಂದ್ರೆ ಇಸ್ಪೀಟೆಲೆ ಹರಡಿಕೊಂಡು ಕೂತಿದ್ವಿ ಅನ್ನೋ ಹಾಗಿದೆ," ಎಂದು ವಾಕ್ಯವನ್ನು ತಿದ್ದಿ, ಎರಡು ಪ್ರತಿ ತೆಗೆದು, ಒಂದನ್ನು ತಾನೇ ಸಹಿ ಹಾಕಿ ತೆಗೆದುಕೊಂಡಳು.

ವಿಚಾರಣೆಯಲ್ಲಿ ಸೂಪರಿಂಟೆಂಡೆಂಟರು, "ಇದು ಜೂಜಲ್ಲದೆ ಮತ್ತೇನಮ್ಮ?" ಎಂದರು.

"ಬರೀ ಟೀ ಸಾರ್. ಸಕ್ಕರೆ ಕೂಡ ಮನೆಯಿಂದಲೇ," ಎಂದೆ ನಾನು, ಬುದ್ಧಿಯಿಲ್ಲದೆ.

ಟೈಪಕ್ಕ ನನ್ನ ಕಡೆ ಕೆಂಗಣ್ಣು ಬಿಟ್ಟಳು. "ತಪ್ಪು ಸಾರ್," ಎಂದಳು. "ಟೀಗೇ ಆಗ್ಲಿ, ತಪ್ಪೇ. ಆ ಎಪ್ಪತ್ತೊಂದು ನಂಬರಿಗೂ ಒಂದೊಂದು ಮನೆ ಇತ್ತು ಅಂತ ನನಗೆ ತಲೆಗೆ ಹೋಗಿದ್ದು ನಮ್ಮನೆ ನಂಬರು ಬಂದಾಗ. ಶಿಕ್ಷೆ ಕೊಡಿ. ಆದ್ರೆ ಪುಸ್ತಕ ಹರೀಬೇಡಿ, ಅದು ಆ ಇಬ್ರಿಗೆ ಬೇಕು."

ಬಹುದು ಡಾಕ್ಟರೂ ಡಾಕ್ಟರಮ್ಮನೂ ಒಟ್ಟಿಗೆ ಹೋಗಿ ಅವಳ ಪರವಾಗಿ ಮಾತಾಡಿದರು. ಇಬ್ಬರೂ ಒಂದೇ ಲಿಫ್ಟಿನಲ್ಲಿ ಇಳಿದರೆಂಬ ಸುದ್ದಿ ಆರೋಪಪಟ್ಟಿಗಿಂತ ಬೇಗ ಹಬ್ಬಿತು. ನಮಗೆ ಎಚ್ಚರಿಕೆ ಪತ್ರ ಸಿಕ್ಕಿತು. ಕೆಟಲ್ ಜಪ್ತಿಯಾಯಿತು.

ಪುಸ್ತಕವನ್ನು ಮುಂದಿಟ್ಟುಕೊಂಡು ಡಾಕ್ಟರುಗಳಿಬ್ಬರೂ ಎಪ್ಪತ್ತೊಂದು ಫಿಲ್ಮನ್ನೂ ಗಾಜನ್ನೂ ನನ್ನ ಕಪಾಟಿನಿಂದ, ನೆಲಮಾಳಿಗೆಯಿಂದ ತೆಗೆಸಿ ಮತ್ತೆ ನೋಡಿದರು. ಎರಡು ಕಡೆ ನಮೂದು ತಪ್ಪಾಗಿತ್ತು. ಎರಡೂ ಅವಳು ರಜೆಯಲ್ಲಿದ್ದ ದಿನದ ನನ್ನ ಕೈಬರಹ. ಗುರುವಾರ ಗುರುವಾರ ಇಬ್ಬರೂ ಸೇರಿ, ಆಪರೇಷನ್ನಿಗೆ ಮೊದಲೇ ಫಿಲ್ಮ್ ನೋಡಿ ಎಲ್ಲಿಂದ ಚೂರು ತೆಗೆಯಬೇಕೆಂದು ಗುರುತು ಹಾಕುವ ರೂಢಿ ಬಂತು. ಒಂದು ಲೇಖನವೂ ತಯಾರಾಯಿತು, ಟೈಪ್ ಮಾಡಿದವಳು ಅವಳೇ. ಯಾರ ಹೆಸರು ಮೊದಲು ಎಂದು ಮೂರು ವಾರ ತಿಕ್ಕಾಟ. ಒಬ್ಬರು "ನನ್ನದು ಮೊದಲು ಬರಬಹುದು" ಎಂದರು. ಇನ್ನೊಬ್ಬರು "ಖಂಡಿತ ನನ್ನದು" ಎಂದರು. ಯಾರು ಗೆದ್ದರೆಂದು ಹೇಳಬೇಕಾಗಿಲ್ಲ. ಕೊನೆಯಲ್ಲಿ ಸಣ್ಣಕ್ಷರದಲ್ಲಿ, ಬೆರಳಚ್ಚಿನ ನೆರವಿಗಾಗಿ ಟೈಪಕ್ಕನಿಗೆ ವಂದನೆ ಇತ್ತು. ಅವಳು ಆ ಸಾಲಿನಲ್ಲಿ 'ಮತ್ತು ಕಡತಗಳಿಗಾಗಿ' ಎಂದು ನನ್ನ ಹೆಸರನ್ನೂ ತೂರಿಸಿದ್ದಳು. ಅಪ್ಪ ಅಮ್ಮ ಇಟ್ಟ ಹೆಸರು.

ಭಾವನಿಗೆ ಮತ್ತೆ ಕಾರು ಹತ್ತಲು ಅಪ್ಪಣೆ ಸಿಗಲಿಲ್ಲ. ಡ್ರೈವಿಂಗ್ ಶಾಲೆಯವರು ಅವರಿಗೆ ಒಂದು ಕಪ್ಪುಹಲಗೆ, ಸೀಮೆಸುಣ್ಣ ಕೊಟ್ಟು ರಸ್ತೆಯ ಚಿಹ್ನೆ ಕಲಿಸಲು ಹಾಕಿದರು. ಬೈಗುಳ ಕಡಿಮೆಯಾಗಿದೆ. ಶಬ್ದ ಸಿಗುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಟೀಚರಮ್ಮ ಲೈಸೆನ್ಸ್ ತೆಗೆದುಕೊಂಡು, ಸ್ವಂತ ಕಾರಿನಲ್ಲಿ ಬಂದು ಅವರನ್ನು ನೋಡಿ ಹೋದರು.

ಟೈಪಕ್ಕ ನಿವೃತ್ತಳಾಗಿ ಎರಡು ವರ್ಷವಾಯಿತು. ಹೋದ ತಿಂಗಳು ಭಾವನ ಆರನೇ ವರ್ಷದ ಫಿಲ್ಮ್. ಇಬ್ಬರೂ ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದರು, ನಾನೂ ಹೋಗಿ ಕೂತೆ. ಬಹುದು ಡಾಕ್ಟರೇ ಹೊರಗೆ ಬಂದು ಉಳಿದ ಅಂಚು ಹೋದ ವರ್ಷದಷ್ಟೇ ಇದೆ ಎಂದರು. ಒಂದು ಎಳೆಯಷ್ಟು ಹೆಚ್ಚಿರಬಹುದು, ಇಲ್ಲದಿರಲೂಬಹುದು, ಈ ಸಲ ಆರು ತಿಂಗಳಿಗೇ ನೋಡೋಣ ಎಂದೂ ಸೇರಿಸಿದರು. ಟೈಪಕ್ಕ ಚೀಲದಿಂದ ಕ್ಯಾಲೆಂಡರ್ ತೆಗೆದು ತಾರೀಕು ಗುರುತು ಹಾಕಿಕೊಂಡಳು. ಭಾವ ಆಗಲೇ ಎದ್ದು, ಹತ್ತು ನಿಮಿಷದಲ್ಲಿ ಬಸ್ಸಿದೆ ಎಂದು ಅವಸರ ಮಾಡುತ್ತಿದ್ದರು. ಶಬ್ದ ಸಿಕ್ಕಿತ್ತು, ಬಸ್ಸನ್ನು ಬಸ್ಸೇ ಎಂದರು.